ಗೋಡೆಯಿಂದಾಚೆ ಯಾರ ಕೆಲಸ

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬಿಗೆಂದು ಕಾದಿದ್ದೆ. ನನ್ನ ಮುಂದೆ ಇಬ್ಬರು: ಜೇಬಿನಲ್ಲಿ ಟೆಸ್ಟರ್ ಸಿಕ್ಕಿಸಿಕೊಂಡ ಎಲೆಕ್ಟ್ರಿಷಿಯನ್, ಹೆಗಲ ಮೇಲೆ ಪೈಪ್ ಇಟ್ಟುಕೊಂಡ ಅವನ ಹೆಂಡತಿಯ ತಮ್ಮ, ಪ್ಲಂಬರ್. ಯಾವುದೋ ಮನೆ ರಿಪೇರಿಗೆ ಸಾಮಾನು ಕೊಳ್ಳುತ್ತಿದ್ದರು.

"ಗೋಡೆವರೆಗೂ ವೈರು ನಿಮ್ದು, ಅಲ್ಲಿಂದ ಗೀಸರ್ ನಂದು. ಎಂದಿನ ಹಾಗೇ ತಾನೆ, ಭಾವ?"

"ಇನ್ಮೇಲೆ ಹಾಗಿಲ್ಲ. ಗೀಸರ್ ಒಳಗಿನವರೆಗೂ ವೈರು ನಂದೇ. ನೀನು ನೀರು ನೋಡ್ಕೋ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ಮೂಲೆ ಮನೇಲೂ ಹಾಗೇ ಹಂಚ್ಕೊಂಡಿದ್ವಿ. ಅರ್ತ್ ವೈರು ನೀನು ಹಾಕ್ತೀಯ ಅಂತ ನಾನು ಬಿಟ್ಟೆ, ನಾನು ಹಾಕಿರ್ತೀನಿ ಅಂತ ನೀನು ಬಿಟ್ಟೆ. ನಲ್ಲಿ ಮುಟ್ಟಿದ ಆ ಮನೆ ಅಜ್ಜಿಗೆ ಶಾಕ್ ಹೊಡೀತು."

ಪ್ಲಂಬರ್ ಪೈಪನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದ.

"ಮಾರನೇ ದಿನವೇ ಸರಿ ಮಾಡಿದ್ರಲ್ಲ. ಅಜ್ಜಿನೂ ಉಳ್ಕೊಂಡ್ರು."

"ಉಳ್ಕೊಂಡ್ರು. ಆದ್ರೆ ಇವತ್ತಿಗೂ ನಲ್ಲಿ ಮುಟ್ಟಲ್ವಂತೆ. ಮುಖ ತೊಳೆಯೋಕೂ ಸೊಸೆ ಬಂದು ತಿರುಗಿಸ್ಬೇಕು."

"ಟೆಸ್ಟರ್ ಇಟ್ಟು ತೋರಿಸ್ಬೇಕಿತ್ತು."

"ತೋರಿಸ್ದೆ. ನಿನ್ನ ಕಡ್ಡಿ ನನಗ್ಯಾಕಪ್ಪ, ನಲ್ಲಿ ನೀನೇ ಮುಟ್ಟು ಅಂದ್ರು. ಅವತ್ತು ನನ್ನ ಕೈ ಮುಂದೆ ಹೋಗ್ಲಿಲ್ಲ ಕಣೋ."

ಅಂಗಡಿಯವನು ಅರ್ತಿಗೆ ಹಾಕುವ ಹಸಿರು ವೈರಿನ ಸುರುಳಿ ಮುಂದಿಟ್ಟ. ಯಾರೂ ಎತ್ತಿಕೊಳ್ಳಲಿಲ್ಲ.

"ಈಗ್ಲೇ ಹೋಗೋಣ ಭಾವ. ಅವರೆದುರಿಗೆ ನಾನು ಮುಟ್ತೀನಿ."

"ಇಬ್ರೂ ಮುಟ್ಟೋಣ."

ಸುರುಳಿಯನ್ನು ಪ್ಲಂಬರನೇ ಎತ್ತಿಕೊಂಡ. ಮೆಟ್ಟಿಲಿಳಿಯುತ್ತಾ ಅವನು ಕೇಳಿದ್ದು ನನಗೆ ಕೇಳಿಸಿತು.

"ಚಪ್ಪಲಿ ಬಿಟ್ಟೇ ನಿಲ್ಬೇಕಾ?"

"ಅಜ್ಜಿ ಬರಿಗಾಲಲ್ಲೇ ನಿಂತಿದ್ರಲ್ಲ."