ಕಾರಿಗೆ ಹಚ್ಚಿದ ಹುಬ್ಬು

ಊರು ಬ್ಯಾಡಗಿ, ಮನುಷ್ಯ ಶ್ರೀಮಂತ, ಅವನ ಕಾರು ಮಾತ್ರ ಬಡವ. ಕಥೆ ಇಲ್ಲಿಂದ ಶುರು. ಪ್ರವಚನದ ಕಥೆಗಳಲ್ಲಿ ಶ್ರೀಮಂತನಿಗೆ ಹೆಸರಿರುವುದಿಲ್ಲ. ಹೆಸರಿಟ್ಟರೆ ಆ ಹೆಸರಿನವರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ ಎಂಬ ಭಯ ನಮ್ಮಂಥವರಿಗೆ. ಇವತ್ತು ಆ ಭಯ ಬಿಟ್ಟಿದ್ದೇನೆ. ಇವನನ್ನು ಕೊಟ್ರಬಸಪ್ಪ ಎಂದು ಕರೆಯೋಣ. ಸಭೆಯಲ್ಲಿ ಕೊಟ್ರಬಸಪ್ಪ ಎನ್ನುವವರು ಯಾರಾದರೂ ಇದ್ದರೆ ಗಾಬರಿಯಾಗಬೇಡಿ, ಅದು ನೀವಲ್ಲ. ಆದರೂ ಪೂರ್ತಿ ಕೇಳಿ, ಆಮೇಲೆ ನೀವೇ ಹೇಳಿ.

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಬಣ್ಣಕ್ಕೆ ಹೆಸರಾದ ಕಾಯಿ, ಖಾರ ಕಡಿಮೆ ಎನ್ನುತ್ತಾರೆ. ಸುಗ್ಗಿಯಲ್ಲಿ ಅದರ ಧೂಳು ಮೂಗಿಗೆ ಹೊಕ್ಕವರನ್ನು ಕೇಳಿ, ಕಡಿಮೆಯೋ ಹೆಚ್ಚೋ ಅವರು ಹೇಳುತ್ತಾರೆ. ಹೇಳಲು ಬಾಯಿ ಬಂದರೆ! ಪರವೂರಿನವನು ಬಸ್ಸಿನಿಂದ ಒಂದು ಕಾಲು ಕೆಳಗಿಡುತ್ತಾನೆ, ಇನ್ನೊಂದು ಕಾಲಿಡುವ ಮೊದಲೇ ಸೀನು. ಊರಿನವರು? ಸೀನುವುದಿಲ್ಲ. ಅವರಿಗೆ ಅದು ಗೊತ್ತೇ ಆಗುವುದಿಲ್ಲ. ಕೊಟ್ರಬಸಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯ ಯಜಮಾನ. ಕಾಯಿಯ ರಾಶಿಯ ಮೇಲೆ ಮಲಗಿಸಿದರೂ ಹಾಯಾಗಿ ಗೊರಕೆ ಹೊಡೆಯುವ ಮೂಗು ಅವನದು. ಮನೆಗೆ ಬಂದ ನೆಂಟರು ಕಣ್ಣು ಮೂಗು ಒರೆಸಿಕೊಳ್ಳುತ್ತಾ ಕೂತಿದ್ದರೆ, "ನೆಗಡಿ ಆಗೈತೇನ್ರಿ?" ಎಂದು ಇವನೇ ಕೇಳುತ್ತಿದ್ದ. ಈ ಮೂಗನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಕಥೆಯ ಕೊನೆಯಲ್ಲಿ ಅದಕ್ಕೆ ಕೆಲಸವಿದೆ.

ಅವನ ಮಗಳು ಅನ್ನಪೂರ್ಣಾಳಿಗೆ ಮದುವೆ ಗೊತ್ತಾಯಿತು. ನಿಶ್ಚಿತಾರ್ಥದ ದಿನ ಸೋದರತ್ತೆ, ಅಂದರೆ ಅಪ್ಪನ ಅಕ್ಕ, ಹುಡುಗಿಯ ಸೆರಗಿಗೆ ಅಕ್ಕಿ, ಕಾಯಿ ಹಾಕಿ ಉಡಿ ತುಂಬುವುದು ಅವರ ಮನೆಯ ಪದ್ಧತಿ. ಸೋದರತ್ತೆ ಫಕ್ಕೀರವ್ವ ಹಾನಗಲ್ಲಿನಲ್ಲಿದ್ದಳು. ಆದರೆ ಕೊಟ್ರಬಸಪ್ಪ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನದಿಂದ ಆಕೆ ಬ್ಯಾಡಗಿಯ ಕಡೆ ತಲೆ ಹಾಕಿರಲಿಲ್ಲ. ಹಬ್ಬಕ್ಕೆ ಕರೆದರೆ "ನೋಡೋಣಪ್ಪ" ಎನ್ನುವಳು. ನಿಶ್ಚಿತಾರ್ಥಕ್ಕೆ ಫೋನ್ ಮಾಡಿದಾಗಲೂ "ನೋಡೋಣಪ್ಪ" ಎಂದು ಇಟ್ಟುಬಿಟ್ಟಳು. ಮಗಳು ಕಡ್ಡಿ ಮುರಿದಂತೆ ಹೇಳಿದಳು: "ಅಪ್ಪಾ, ಅತ್ತಿ ಬಂದು ಉಡಿ ತುಂಬಲಿಲ್ಲಂದ್ರ ನಾ ಮಣಿ ಮ್ಯಾಲ ಕೂಡೂದಿಲ್ಲ. ಬೀಗರಿಗೆ ನೀನಽ ಹೇಳ್ಕೋ."

ಕೊಟ್ರಬಸಪ್ಪ ಇಕ್ಕಟ್ಟಿಗೆ ಸಿಕ್ಕಿದ. ಬೀಗರ ಮುಂದಿನ ಮರ್ಯಾದೆ ಒಂದು ಕಡೆ. ಇನ್ನೊಂದು ಕಡೆ, ತಾಯಿ ಸತ್ತ ಮೇಲೆ ಇವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅದೇ ಅಕ್ಕ. ಆಕೆ ಇಲ್ಲದ ಮನೆಗೆ ಎಷ್ಟು ಬಣ್ಣ ಬಳಿಸಿದರೂ ಅವನಿಗೆ ಅದು ಮನೆ ಎನಿಸಿರಲಿಲ್ಲ. ಆದರೆ ಅಕ್ಕನಿಗೆ ಸಿಟ್ಟು ಯಾಕೆ? ಕೂತು ಯೋಚಿಸಿದ. ಗೃಹಪ್ರವೇಶದ ದಿನ ಕಾರು ಬೇರೆ ನೆಂಟರನ್ನು ಬಿಡಲು ಹೋಗಿತ್ತು; ಅಕ್ಕನನ್ನು ಮೆಣಸಿನಕಾಯಿ ಚೀಲದ ಟೆಂಪೋದಲ್ಲಿ ಕಳಿಸಿದ್ದ. ಹಾ, ಅದೇ! ಶ್ರೀಮಂತ ತಮ್ಮ ಅಕ್ಕನನ್ನು ಟೆಂಪೋದಲ್ಲಿ ಕಳಿಸಬಹುದೇ? ಸರಿ, ಈ ಸಲ ಅಕ್ಕನನ್ನು ಮೆರವಣಿಗೆಯ ಹಾಗೆ ಕರೆತರಬೇಕು ಎಂದು ನಿಶ್ಚಯಿಸಿದ.

ನೋಡಿ, ಮನುಷ್ಯನ ಬುದ್ಧಿ ಎಷ್ಟು ಚುರುಕು. ರೋಗ ಯಾವುದು ಎಂದು ರೋಗಿಯನ್ನು ಕೇಳುವುದಿಲ್ಲ, ಔಷಧಿ ಮಾತ್ರ ತಂದುಬಿಡುತ್ತದೆ.

ಅವನ ಕಾರು ದಿನಬಳಕೆಯ ಸಣ್ಣ ಕಾರು. ಮನೆಯಿಂದ ಮಾರುಕಟ್ಟೆ, ಮಾರುಕಟ್ಟೆಯಿಂದ ಮನೆ, ಹಿಂದಿನ ಸೀಟಿನಲ್ಲಿ ಮಾದರಿ ಕಾಯಿಯ ಚೀಲ. ಅದನ್ನು ಸಿಂಗರಿಸುವ ಸಾಮಾನನ್ನು ಫೋನಿನಲ್ಲೇ ತರಿಸಿದ. ಕಿಟಕಿಗಳ ಮೇಲೆ ಮಳೆಪಟ್ಟಿ, ಬಾಗಿಲುಗಳಿಗೆ ಬೆಳ್ಳಿಯಂತೆ ಹೊಳೆಯುವ ಪಟ್ಟಿ, ನೆತ್ತಿಯ ಮೇಲೆ ಮೀನಿನ ರೆಕ್ಕೆಯಂಥ ಆಂಟೆನಾ, ಬೆನ್ನಿಗೆ ಬಾಲದಂಥ ಸ್ಪಾಯ್ಲರು. ಹೆಡ್‌ಲೈಟುಗಳಿಗೆ ಹುಬ್ಬು! ಹೌದ್ರಿ, ಕಾರಿಗೂ ಹುಬ್ಬು ಹಚ್ಚುತ್ತಾರೆ ಈಗ. ಹೆಂಡತಿ ನೀಲವ್ವ "ಗ್ಯಾರೇಜಿಗೆ ಕೊಡ್ರಿ" ಎಂದಳು. ಕೊಟ್ರಬಸಪ್ಪ ಕೇಳಲಿಲ್ಲ. ಅಕ್ಕನಿಗಾಗಿ ಮಾಡುವ ಕೆಲಸ, ತನ್ನ ಕೈಯಿಂದಲೇ ಆಗಬೇಕು ಎಂದು ಅವನ ಆಸೆ. ಆ ಆಸೆಯಲ್ಲಿ ಕಪಟವಿರಲಿಲ್ಲ, ಅದನ್ನು ನಾವು ಒಪ್ಪಬೇಕು.

ಎಲ್ಲದರ ಬೆನ್ನಿಗೂ ಎರಡು ಕಡೆ ಅಂಟುವ ಟೇಪು. ಮೇಲಿನ ಕಾಗದ ಸುಲಿಯುವುದು, ಒತ್ತುವುದು, ಅಷ್ಟೇ ಕೆಲಸ. ಪೆಟ್ಟಿಗೆಯ ಮೇಲೆ ಚಿತ್ರ ಸಮೇತ ಬರೆದಿದ್ದರು: ಮೊದಲು ತೊಳೆಯಿರಿ, ಒಣಗಿಸಿರಿ, ಆಮೇಲೆ ಒತ್ತಿರಿ, ಒಂದು ದಿನ ಗಾಡಿ ಅಲ್ಲಾಡಿಸಬೇಡಿರಿ. ಅಂಗಡಿಗೆ ಬುತ್ತಿ ತಂದಿದ್ದ ನೀಲವ್ವ ಚಿತ್ರ ನೋಡಿ ಹೇಳಿದಳು, "ಏನ್ರೀ, ಮೊದಲ ಒರಸಬೇಕಂತ."

"ಒರಸಾಕ ಏನೈತಿ? ಸ್ವಚ್ಛ ಐತಿ ಗಾಡಿ."

"ಧೂಳ ಕೂತೈತ್ರೀ."

"ಧೂಳೆಲ್ಲೈತಿ? ತೋರಸು ನೋಡೋಣು. ಬಾಯಿ ಬಿಟ್ರ ಬರೀ ತಪ್ಪ ಹುಡುಕೂದು. ತಲಿ ಇಲ್ಲದಾಕಿ!"

ನೀಲವ್ವ ಒಳಗೆ ಹೋದಳು. ಮುಖ ಸಣ್ಣದಾಗಿತ್ತು. ಕೊಟ್ರಬಸಪ್ಪ ಅದನ್ನು ಗಮನಿಸಲಿಲ್ಲ, ಹುಬ್ಬು ಸೊಟ್ಟಗಾಗದಂತೆ ಒತ್ತುವುದರಲ್ಲಿ ಮುಳುಗಿದ್ದ. ಅಂಗಡಿಯ ಅಂಗಳ, ಸುಗ್ಗಿಯ ಮಧ್ಯಾಹ್ನ, ಪಕ್ಕದಲ್ಲೇ ಹಮಾಲರು ಚೀಲ ಕೊಡವುತ್ತಿದ್ದಾರೆ. ಕೆಂಪು ಮೋಡದ ನಡುವೆ ನಿಂತು ಇವನು ಪಟ್ಟಿ ಅಂಟಿಸಿದ. ಸಂಜೆಯೊಳಗೆ ಕಾರು ಮದುಮಗನಾಯಿತು. ಮರುದಿನ ಬೆಳಿಗ್ಗೆ ಮೀಸೆ ತಿರುವುತ್ತಾ ಹಾನಗಲ್ಲಿಗೆ ಹೊರಟ. ನಿಶ್ಚಿತಾರ್ಥಕ್ಕೆ ಇನ್ನೂ ದಿನವಿತ್ತು.

ಊರು ದಾಟುವವರೆಗೆ ಎಲ್ಲ ಸುಖ. ಮೊದಲ ರಸ್ತೆ ಉಬ್ಬು ಬಂತು, ಸ್ಪಾಯ್ಲರು ಕೆಳಗಿಳಿಯಿತು. ಇವನಿಗೆ ಗೊತ್ತಾಗಲಿಲ್ಲ. ಹಾವೇರಿ ದಾಟಿ ಗಾಳಿ ಬೀಸಿದಾಗ ಕಿಟಕಿಯ ಮಳೆಪಟ್ಟಿ ಪಟಪಟನೆ ಕೈ ಬೀಸತೊಡಗಿತು. ಎದುರಿನ ಲಾರಿಯ ಚಾಲಕ ಯಾರೋ ಪರಿಚಯದವರು ಎಂದು ತಿಳಿದು ತಾನೂ ಕೈ ಬೀಸಿದ. ಸ್ವಲ್ಪ ಹೊತ್ತಿಗೆ ಹಾಲಿನ ಕ್ಯಾನು ಕಟ್ಟಿದ ಬೈಕಿನವನೊಬ್ಬ ಹಾರ್ನ್ ಹೊಡೆಯುತ್ತಾ ಪಕ್ಕಕ್ಕೆ ಬಂದ. ಅವನ ಕಂಕುಳಲ್ಲಿ ಏನೋ ಹೊಳೆಯುತ್ತಿತ್ತು.

"ಯಜಮಾನ್ರ, ಗಾಡಿ ನಿಲ್ಲಸ್ರಿ! ನಿಮ್ಮ ಕಾರಿನ ಹುಬ್ಬು ಉದುರೈತಿ!"

ಕೊಟ್ರಬಸಪ್ಪ ಇಳಿದು ನೋಡಿದ. ಒಂದು ಕಣ್ಣಿಗೆ ಹುಬ್ಬಿದೆ, ಇನ್ನೊಂದಕ್ಕಿಲ್ಲ. ಕಾರು ಅವನನ್ನೇ ಅಣಕಿಸಿದಂತೆ ಕಾಣುತ್ತಿತ್ತು. ಬಾಗಿಲ ಪಟ್ಟಿಗಳು ಒಂದು ತುದಿಯಲ್ಲಿ ಜೋತಾಡುತ್ತಿದ್ದವು. "ಕಂಪನಿಯವರು ಮೋಸ ಮಾಡ್ಯಾರ, ಅಂಟು ಸರಿ ಇಲ್ಲ" ಎಂದು ಬೈಯುತ್ತಾ ಉಳಿದದ್ದನ್ನೆಲ್ಲ ತಾನೇ ಕಿತ್ತು ಹಿಂದಿನ ಸೀಟಿಗೆ ತುಂಬಿದ. ಅಕ್ಕನನ್ನು ಮೆರೆಸಬೇಕೆಂದು ಹೊರಟವನು ಗುಜರಿ ಸಾಮಾನು ಹೊತ್ತು ಅಕ್ಕನ ಬಾಗಿಲಲ್ಲಿ ನಿಂತ.

ಫಕ್ಕೀರವ್ವ ಹೊರಗೆ ಬಂದಳು. ತಮ್ಮನನ್ನು ನೋಡಿದಳು, ಕಾರನ್ನು ನೋಡಿದಳು, ಬಾಯಿ ತೆರೆದಳು. ಆಕೆ ಏನು ಬೈಯುತ್ತಾಳೋ ಎಂದು ಇವನು ತಲೆ ತಗ್ಗಿಸಿದ. ಆಕೆ ಬೈಯಲಿಲ್ಲ. ಸೀನಿದಳು! ಒಂದರ ಹಿಂದೆ ಒಂದು ಸೀನು.

"ನೆಗಡಿ ಆಗೈತೇನಕ್ಕ?"

"ನೆಗಡಿ ಅಲ್ಲೋ, ನೀ ಬಂದಿ" ಎಂದಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ. "ಏನಿದು ಅವತಾರ?"

ಕೊಟ್ರಬಸಪ್ಪ ಎಲ್ಲ ಹೇಳಿಕೊಂಡ. ಅಂಟು ಸರಿ ಇಲ್ಲವೆಂದ, ಮೋಸವಾಯಿತೆಂದ. ಅಕ್ಕ ಉದುರಿದ ಹುಬ್ಬನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. ಟೇಪಿನ ಮೇಲೆ ಬೆರಳಾಡಿಸಿದಳು. ಬೆರಳು ಕೆಂಪಾಯಿತು.

"ಅಂಟು ಚಲೋನ ಐತಪ್ಪ. ಮೆಣಸಿನ ಧೂಳನ್ನ ಎಷ್ಟು ಗಟ್ಟಿಯಾಗಿ ಹಿಡದೈತಿ ನೋಡು, ಕೆರದ್ರೂ ಬಿಡವಲ್ದು. ಕಾರಿಗೆ ಅಂಟೇ ಇಲ್ಲ ಅದು, ಧೂಳಿಗೆ ಅಂಟೈತಿ."

ಅಮ್ಮಂದಿರೇ, ಅಣ್ಣಂದಿರೇ, ಇದನ್ನು ಇನ್ನೊಮ್ಮೆ ಕೇಳಿ. ಕಾರಿಗೆ ಅಂಟಿಲ್ಲ, ಧೂಳಿಗೆ ಅಂಟಿದೆ. ಧೂಳು ಹಾರಿತು, ಹುಬ್ಬೂ ಹಾರಿತು.

"ಧೂಳೆಲ್ಲೈತಕ್ಕ?" ಎಂದು ಇವನ ಬಾಯಿಗೆ ಮತ್ತೆ ಅದೇ ಮಾತು ಬಂತು. ಫಕ್ಕೀರವ್ವ ಒಳಗೆ ಹೋದಳು. ಒದ್ದೆ ಬಟ್ಟೆ ತಂದು ಬಾಗಿಲ ಮೇಲೆ ಒಂದೇ ಸಲ ಎಳೆದಳು. ಬಟ್ಟೆ ಕೆಂಪಾಯಿತು, ಎಳೆದ ಜಾಗದಲ್ಲಿ ಕೆನೆಬಣ್ಣ ಕಂಡಿತು. ಕೊಟ್ರಬಸಪ್ಪ ಬೆಪ್ಪಾಗಿ ನಿಂತ. ತನ್ನ ಕಾರು ಇಷ್ಟು ತಿಳಿಬಣ್ಣದ್ದೆಂಬುದು ಅವನಿಗೆ ಮರೆತೇ ಹೋಗಿತ್ತು.

ಆಗ ಅವನು ಅಕ್ಕನ ಕಡೆ ತಿರುಗಿದ. ಮೆಲ್ಲಗೆ ಕೇಳಿದ, "ಅಕ್ಕಾ, ನಿನ್ನ ಟೆಂಪೋದಾಗ ಕಳಿಸಿದೆ ಅಂತ ಸಿಟ್ಟೇನು?"

"ಟೆಂಪೋದಾಗ ನಾ ಸೀನಕೋಂತ ನಗಕೋಂತ ಬಂದೆ. ಟೆಂಪೋ ಏನ ಮಾಡೀತು?" ಎಂದಳು ಅಕ್ಕ. ಬಟ್ಟೆ ಹಿಂಡುತ್ತಾ, ಅವನ ಮುಖ ನೋಡದೆ ಹೇಳಿದಳು: "ಅವತ್ತ ನಾ ಹುಗ್ಗಿ ತಿರುವಾಕ ನಿಂತಿದ್ದೆ. ನೀ ಬಂದು ಎಲ್ಲಾರ ಮುಂದ ಅಂದಿ, ಈ ಮುದಕಿನ್ನ ಒಲಿ ಮುಂದ ಯಾರು ಬಿಟ್ರು, ಕೈ ನಡಗತಾವು, ಹುಗ್ಗಿ ತಳಾ ಹತ್ತಸ್ಯಾಳ, ಹೊರಗ ಕೂಡಸ್ರಿ ಅಂತ. ಆ ಕೈಲೇ ನಿನಗ ತುತ್ತ ಮಾಡಿ ಹಾಕೀನಿ, ಬಸಪ್ಪ."

"ನಾ ಹಂಗಂದೆನೇನಕ್ಕ?"

"ಅಂದಿ."

ಅವನಿಗೆ ನಿಜವಾಗಿಯೂ ನೆನಪಿರಲಿಲ್ಲ. ಸುಳ್ಳು ಹೇಳುತ್ತಿರಲಿಲ್ಲ, ಪಾಪ. ದಿನಕ್ಕೆ ಎಷ್ಟೋ ಸಲ ಆಡುವ ಮಾತು ಯಾರಿಗೆ ನೆನಪಿರುತ್ತದೆ? "ಅವತ್ತ ಗದ್ದಲಿತ್ತು, ನೆಂಟರಿದ್ರು, ನಾ ಸಿಟ್ಟಿಗೆ..." ಎಂದು ಶುರು ಮಾಡಿದ. ಅಷ್ಟರಲ್ಲಿ ಅಕ್ಕನ ಕೈಯಲ್ಲಿದ್ದ ಬಟ್ಟೆ ಕಂಡಿತು. ನೀಲವ್ವನ ಸಣ್ಣದಾದ ಮುಖ ನೆನಪಾಯಿತು. ಮಾತು ಅಲ್ಲಿಗೇ ನಿಂತಿತು. ಅಕ್ಕನ ನಡುಗುವ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಹೇಳಿದ, "ತಪ್ಪಾತಕ್ಕ."

ಅಷ್ಟೇ. ಹಿಂದೆ ಮುಂದೆ ಒಂದು ಮಾತೂ ಸೇರಿಸಲಿಲ್ಲ. ಫಕ್ಕೀರವ್ವ ಕಣ್ಣೊರೆಸಿಕೊಂಡಳು, ಆಮೇಲೆ ಬಕೆಟ್ಟು ಅವನ ಮುಂದೆ ಕುಕ್ಕಿದಳು. "ಹಿಡಿ, ತೊಳಿ ಇನ್ನ!" ಅಕ್ಕ ತಮ್ಮ ಇಬ್ಬರೂ ಸೇರಿ ಕಾರು ತೊಳೆದರು, ಒಣಗಿಸಿದರು. ಕಾರಿನಲ್ಲೇ ಉಳಿದಿದ್ದ ಪೆಟ್ಟಿಗೆಯಿಂದ ಹೆಚ್ಚಿನ ಟೇಪು ತೆಗೆದು ಹಚ್ಚಿ ಹುಬ್ಬು, ಪಟ್ಟಿ ಎಲ್ಲ ಒತ್ತಿದರು. ಇವನು "ನಡಿ ಹೋಗೂಣು" ಎಂದರೆ ಅಕ್ಕ ಪೆಟ್ಟಿಗೆಯ ಚಿತ್ರ ತೋರಿಸಿದಳು. "ಒಂದಿನ ಅಲ್ಲಾಡಸಬ್ಯಾಡ ಅಂತ ಐತಿ. ನಾಳೆ ಹೋಗೂಣು. ಇವತ್ತ ಇಲ್ಲೇ ಉಣ್ಣು." ಎಷ್ಟೋ ಕಾಲದ ಮೇಲೆ ಕೊಟ್ರಬಸಪ್ಪ ಅಕ್ಕನ ಮನೆಯಲ್ಲಿ ಹೊಟ್ಟೆ ತುಂಬ ಉಂಡು ಮಲಗಿದ.

ಮರುದಿನ ಕಾರು ಎರಡೂ ಹುಬ್ಬು ಹೊತ್ತು ಬ್ಯಾಡಗಿಗೆ ಬಂತು. ಕಾರಿನಿಂದ ಇಳಿದವನೇ ಅವನು ನೀಲವ್ವನ ಹತ್ತಿರ ಹೋಗಿ, "ನೀ ಹೇಳಿದ್ದ ಖರೆ ಇತ್ತು, ಧೂಳಿತ್ತು. ತಪ್ಪಾತು" ಎಂದ. ಗಂಡನಿಗೆ ಜ್ವರ ಬಂದಿದೆಯೇನೋ ಎಂದು ಆಕೆ ಹಣೆ ಮುಟ್ಟಿ ನೋಡಿದಳಂತೆ.

ನಿಶ್ಚಿತಾರ್ಥದ ದಿನ ಫಕ್ಕೀರವ್ವ ಒಲೆಯ ಮುಂದೆ ನಿಂತಳು. ಬೀಗರು ಬರುವ ಹೊತ್ತು, ಒಳಗಿನಿಂದ ಒಗ್ಗರಣೆಯ ವಾಸನೆ. ಮೆಣಸಿನಕಾಯಿ ಸ್ವಲ್ಪ ಸೀದಿತ್ತು. ಕೊಟ್ರಬಸಪ್ಪ ದಡದಡನೆ ಅಡುಗೆಮನೆಯ ಬಾಗಿಲಿಗೆ ಬಂದ. ಹಳೆಯ ನಾಲಿಗೆ ಎದ್ದಿತು. "ಯಾರದು ಒಗ್ಗರಣಿ..." ಎಂದು ಬಾಯಿ ತೆರೆದ. ಎಲ್ಲರೂ ಉಸಿರು ಬಿಗಿಹಿಡಿದು ನೋಡಿದರು. ಅವನ ಮೂಗು ಅರಳಿತು, ಕಣ್ಣು ಮುಚ್ಚಿತು. ಮೆಣಸಿನಕಾಯಿ ರಾಶಿಯ ಮೇಲೆ ಗೊರಕೆ ಹೊಡೆಯುತ್ತಿದ್ದ ಆ ಮನುಷ್ಯ, ಊರಿಗೆಲ್ಲ ಕೇಳುವಂತೆ ಸೀನಿದ!

ಫಕ್ಕೀರವ್ವ ಸೌಟು ಹಿಡಿದುಕೊಂಡೇ ನಕ್ಕಳು. "ಆಹಾ, ಈಗ ಮೂಗು ಬಂತು ನೋಡು ನನ್ನ ತಮ್ಮಗ!" ಅನ್ನಪೂರ್ಣಾ ನಗುತ್ತಲೇ ಹೋಗಿ ಮಣೆಯ ಮೇಲೆ ಕೂತಳು. ಅತ್ತೆಯ ನಡುಗುವ ಕೈ ಅವಳ ಉಡಿ ತುಂಬಿತು. ಒಂದು ಕಾಳೂ ಕೆಳಗೆ ಬೀಳಲಿಲ್ಲ.

ನಕ್ಕಿರಿ, ಒಳ್ಳೆಯದಾಯಿತು. ಈಗ ಸ್ವಲ್ಪ ಇತ್ತ ನೋಡಿ. ಈ ಸಭಾಭವನದ ಹೊರಗೆ ಸಾಲಾಗಿ ನಿಂತ ಕಾರುಗಳನ್ನು ನಾನು ನೋಡಿಕೊಂಡೇ ಒಳಗೆ ಬಂದೆ. ಹುಬ್ಬಿದೆ, ಬಾಲವಿದೆ, ಕೆಲವಕ್ಕೆ ಕೋಡೂ ಇದೆ. ಇರಲಿ, ಬೇಡವೆನ್ನುವುದಿಲ್ಲ. ನಾನು ಕೇಳುವುದು ಬೇರೆ. ನಾವು ನಮ್ಮ ಮೇಲೂ ಏನೇನೋ ಅಂಟಿಸಿಕೊಳ್ಳುತ್ತೇವಲ್ಲ? ಸೋಮವಾರದ ಉಪವಾಸ ಅಂಟಿಸಿಕೊಂಡೆವು, ಬೆಳಗಿನ ಧ್ಯಾನ ಅಂಟಿಸಿಕೊಂಡೆವು, ಇನ್ನು ಮೇಲೆ ಸಿಟ್ಟು ಮಾಡುವುದಿಲ್ಲ ಎಂಬ ಸಂಕಲ್ಪ ಒತ್ತಿ ಒತ್ತಿ ಅಂಟಿಸಿಕೊಂಡೆವು. ಮೊದಲ ಉಬ್ಬಿಗೇ ಉದುರುತ್ತದೆ. ಆಗ ಅಂಟಿನ ತಪ್ಪು ಎನ್ನುತ್ತೇವೆ. ಒರೆಸಿದ್ದೆವೇ? ಧೂಳು ಎಲ್ಲಿದೆ ಎಂದು ಕೇಳಬೇಡಿ. ಧೂಳಿನಲ್ಲೇ ಇರುವವನಿಗೆ ಧೂಳು ಕಾಣುವುದಿಲ್ಲ. ನಿಮ್ಮ ಮಾತಿನ ಘಾಟಿಗೆ ಸೀನುವವರು ಮನೆಯಲ್ಲಿದ್ದಾರೆ, ಅವರನ್ನು ಕೇಳಿ.

ಇವತ್ತು ಮನೆಗೆ ಹೋಗಿ ಊಟಕ್ಕೆ ಕೂತಾಗ ಕೇಳಿ. ಹೆಂಡತಿಯನ್ನೋ, ಗಂಡನನ್ನೋ, ಮಗನನ್ನೋ, ಅತ್ತೆಯನ್ನೋ, ಯಾರಾದರೂ ಒಬ್ಬರನ್ನು ಸಾಕು. "ನಾನು ಆಡಿದ ಯಾವ ಮಾತು ನಿನಗೆ ಇನ್ನೂ ಉರಿಯುತ್ತಿದೆ?" ಅವರು ಹೇಳುತ್ತಾರೆ. "ನಾನು ಹಾಗಂದೇ ಇಲ್ಲ" ಎಂದು ನಿಮ್ಮ ನಾಲಿಗೆಯ ತುದಿಗೆ ಬರುತ್ತದೆ, ನುಂಗಿಬಿಡಿ. ಗದ್ದಲವಿತ್ತು, ನೆಂಟರಿದ್ದರು ಎಂದು ಶುರುವಾಗುತ್ತದೆ, ಅದನ್ನೂ ನುಂಗಿ. "ತಪ್ಪಾಯಿತು" ಎನ್ನಿ, ಸುಮ್ಮನಿರಿ. ಮರುಕ್ಷಣವೇ ಅವರು ನಗಬೇಕೆಂದು ಅವಸರ ಮಾಡಬೇಡಿ, ಒಂದು ದಿನ ಅಲ್ಲಾಡಿಸದೆ ಬಿಡಿ. ಆ ಮಾತು ಕೇಳಿದಾಗ ನಿಮ್ಮ ಕಣ್ಣು ಉರಿದರೆ, ಮೂಗು ಉರಿದರೆ, ಗಾಬರಿಯಾಗಬೇಡಿ. ನಿಮಗೂ ಮೂಗು ಬಂದಿದೆ ಎಂದು ತಿಳಿಯಿರಿ.