ಕೆಸರು ಕಾಣುವಷ್ಟು

“ಹಲೋ... ಯಾರು ಮಾತಾಡ್ತಿರೋದು?... ಯಾವ ಇಂಜಿನಿಯರು?... ಓ, ನೀನಾ ಮಗಾ! ದನಿ ಗುರುತೇ ಸಿಗಲಿಲ್ಲ ನೋಡು.”

...

ಟೈಲರ ಹೆಂಡತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ, ಹೊಲಿಗೆ ಯಂತ್ರದ ಮುಂದಿನ ಸ್ಟೂಲಿನ ಮೇಲೆ ಕೂತಳು. ಟೈಲರು ತೀರಿಕೊಂಡು ವರ್ಷವಾಗಿದ್ದರೂ ಯಂತ್ರ ಹಿನ್ನೀರಿನ ಕಡೆಯ ಕಿಟಕಿ ಬಿಟ್ಟು ಕದಲಿರಲಿಲ್ಲ. ವರ್ಷಾ ವರ್ಷಾ ಬರುವ ವಲಸೆ ಹಕ್ಕಿಗಳನ್ನು ಅವರು ನೋಡುತ್ತಿದ್ದದ್ದು ಅಲ್ಲಿ ಕೂತೇ. ಅದೇ ಬೀದಿಯಲ್ಲಿ ಬೆಳೆದು ಈಗ ಫೋನಿನಲ್ಲಿರುವ ಇಂಜಿನಿಯರನ ಸ್ಕೂಲ್ ಚಡ್ಡಿಗಳೆಲ್ಲ ಅದರಲ್ಲೇ ಹೊಲಿದವು.

“ಹಾಂ... ಹಿನ್ನೀರಿನ ದಾರಿಗೆ ಹಾಕೋ ಬೋರ್ಡು ಬಂತಾ? ನಮ್ಮನೆಯವರ ಹೆಸರಿದೆಯಾ? ದೊಡ್ಡಕ್ಷರದಲ್ಲಾ?... ಅದನ್ನ ಹಾಕಿಸಬೇಡ ಮಗಾ.”

...

“ನಿನ್ನ ಮೇಲೆ ಯಾಕೆ ಕೋಪ? ಕೆಸರು ನಾತ ಹೊಡೆಯುತ್ತೆ, ಸಮುದ್ರದ ಕಡೆ ಗೇಟು ಮುಚ್ಚಿ ವರ್ಷಪೂರ್ತಿ ನೀರು ನಿಲ್ಲಿಸು, ನಮ್ಮನೆಯವರ ಹಕ್ಕಿಗಳಿಗೂ ಒಳ್ಳೇದು ಅಂತ ಬೀದಿಯವರನ್ನೆಲ್ಲ ಕಟ್ಕೊಂಡು ನಿನ್ನ ಆಫೀಸಿಗೆ ಬಂದೋಳು ನಾನೇ ಅಲ್ವಾ? ಪಾಪ, ನೀನು ಮಾಡಿಕೊಟ್ಟೆ.”

...

“ಹಕ್ಕಿಗಳಾ? ಬಂದಿವೆ. ಬೆಳಿಗ್ಗೆಯಿಂದ ಸುತ್ತು ಹೊಡೀತಾನೇ ಇವೆ... ಇಳೀತಿಲ್ಲ ಕಣೋ! ಎಲ್ಲಿ ಇಳೀತಾವೆ? ಅವೇನು ಬಾತುಕೋಳಿನಾ, ತೇಲೋಕೆ? ಕಾಲೂರೋಕೆ ಕೆಸರು ಬೇಕು ಅವಕ್ಕೆ. ಸಮುದ್ರ ಇಳಿದಾಗ ಕಾಣ್ತಿತ್ತಲ್ಲ, ನಾನು ಮೂಗು ಮುಚ್ಕೊಳ್ತಿದ್ದೆನಲ್ಲ, ಅದೇ ಕೆಸರು. ಅದರೊಳಗಿನ ಹುಳ ತಿಂದೇ ಅವು ಮುಂದಿನ ದಾರಿ ಹಿಡೀತಿದ್ದದ್ದು. ನೆಂಟರನ್ನ ಊಟಕ್ಕೆ ಕರೆದು, ತಟ್ಟೆ ಮೇಲೆ ಕೊಡ ನೀರು ಸುರಿದ ಹಾಗಾಯ್ತು.”

...

“ಯಾರು ಹೇಳಿದ್ರಾ? ನಮ್ಮನೆಯವರೇ ಹೇಳ್ತಿದ್ರು, ಯಂತ್ರ ನಿಲ್ಲಿಸಿ ನಿಲ್ಲಿಸಿ ಹೇಳ್ತಿದ್ರು. ನಾನು ಅಡುಗೆಮನೆಯಿಂದ ಹೂಂ ಅಂತಿದ್ದೆ. ಹೂಂ ಅಂದಿದ್ದೇ ಬಂತು, ಒಂದು ಮಾತೂ ಕಿವಿಗೆ ಹಾಕ್ಕೊಳ್ಳಲಿಲ್ಲ.”

...

ಅವಳು ಕಿಟಕಿಯಿಂದ ಬಗ್ಗಿ ನೋಡಿದಳು. ನೀರಿನ ಅಂಚಿಗೆ ಹೊಸದಾಗಿ ಹಾಕಿದ ಸಿಮೆಂಟು ದಾರಿಯ ಮೇಲೆ ಒಂದು ಹಕ್ಕಿ ಉದ್ದನೆಯ ಕಾಲು ಮಡಚಿ ಕೂತಿತ್ತು.

“ಒಂದು ಸುಸ್ತಾಗಿ ಬಿದ್ದಿದೆ, ನಿನ್ನ ವಾಕಿಂಗ್ ದಾರೀಲಿ. ಅನ್ನ ಇಟ್ಟೆ, ಮೂಸಿಯೂ ನೋಡಲಿಲ್ಲ. ಮಗಾ, ಗೇಟು ತೆಗೆಸೋ.”

...

“ಉದ್ಘಾಟನೆ ಆದ ಮೇಲಾ? ಮುಂದಿನ ವಾರಾನಾ?... ಗೊತ್ತು, ದೊಡ್ಡೋರು ಬರ್ತಾರೆ. ನೀರು ಇಳಿದ್ರೆ ಅವರ ದೋಣಿ ಹೂತುಹೋಗುತ್ತೆ, ನಿನ್ನ ಮರ್ಯಾದೆನೂ ಹೋಗುತ್ತೆ. ಆದ್ರೆ ಇವು ಮುಂದಿನ ವಾರದ ತನಕ ಎಲ್ಲಿ ಕಾಯ್ತಾವೆ? ಪೂರ್ತಿ ಬೇಡ. ಕೆಸರು ಕಾಣುವಷ್ಟು. ಆಚೆ ಸಮುದ್ರ ಇಳಿದಿದೆ, ಈಗ ತೆಗೆದ್ರೆ ನೀರು ತಾನೇ ಹೋಗುತ್ತೆ.”

...

“ಮೇಲಿನವರು ಕೇಳಿದ್ರೆ ನನ್ನ ಹೆಸರು ಹೇಳು. ಮುದುಕಿಗೆ ತಲೆ ಕೆಟ್ಟಿತ್ತು, ಬಂದು ರಂಪ ಮಾಡಿದ್ಲು ಅನ್ನು. ನೋಡಿದೋರು ಯಾರಾದ್ರೂ ನಂಬ್ತಾರೆ.”

...

ಹಿಂಡು ಕಿಟಕಿಯ ಮುಂದೆ ಮತ್ತೊಮ್ಮೆ ತಗ್ಗಿ ಬಂದು, ಕಾಲು ಇಳಿಬಿಟ್ಟು, ನೀರು ಕಂಡು ಮೇಲೆದ್ದಿತು. ಅವಳ ಎದೆಯೂ ಅದರ ಜೊತೆಗೇ ಇಳಿದು ಎದ್ದಿತು.

“ಏನಂದೆ?... ಗೇಟಿನವನಿಗೆ ಹೇಳ್ತೀಯಾ? ಈಗ್ಲೇನಾ? ನಿನ್ನ ಹೊಟ್ಟೆ ತಣ್ಣಗಿರಲಿ ಮಗಾ!... ತಡಿ... ತಡಿ, ಇವು ಎತ್ತ ಹೊರಟವು?”

...

ಈ ಸಲ ಹಿಂಡು ಸುತ್ತಿ ಬರಲಿಲ್ಲ. ಮನೆಗಳ ಮೇಲಿಂದ ಹಾದು ಸಮುದ್ರದ ಕಡೆಗೆ ಹೋಯಿತು. ಅವಳು ಯಂತ್ರದ ಚಕ್ರವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ಹೋದ್ವು ಕಣೋ... ಇಲ್ಲ, ತಿರುಗ್ತಿಲ್ಲ... ಹಾಂ, ಅಳ್ತಿದೀನಿ, ಅಳದೆ ಏನ್ ಮಾಡ್ಲಿ? ಅವರಿಗಾಗಿ ಅಂತ ಮಾಡಿ, ಅವರ ಹಕ್ಕಿಗಳನ್ನೇ ಓಡಿಸಿದೆನಲ್ಲೋ!”

...

“ಏನು? ಇನ್ನು ತೆಗೆಸೋದು ಬೇಡವಾ ಅಂತೀಯಾ?... ಬೇಕು! ತೆಗೆಸು ಮಗಾ. ಕೆಳಗಿನದ್ದು ಇನ್ನೂ ಕೂತಿದೆ. ಕತ್ತು ಎತ್ತಿ ಅವು ಹೋದ ಕಡೆಯೇ ನೋಡ್ತಿದೆ. ಅದೊಂದಕ್ಕಾದ್ರೂ... ಕೇಳಿಸ್ತಾ? ತೆಗೆಸ್ತೀಯಾ ತಾನೇ?... ಹಲೋ?... ಮಗಾ?... ಹಲೋ?”