ಗೋಲು ಕಾಯುವವಳ ಹೆಬ್ಬೆರಳು

ಚಳಿಗಾಲದ ಬೆಳಿಗ್ಗೆ, ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕ ಅಕ್ಕತಂಗಿಯರು ಕುಳಿತಿದ್ದರು. ತಂಗಿ ಫುಟ್‌ಬಾಲ್ ಗೋಲ್‌ಕೀಪರ್. ಬಲಗೈ ಹೆಬ್ಬೆರಳು ಊದಿತ್ತು.

“ಅಕ್ಕಾ, ಭಾನುವಾರ ತಂಡದ ಆಯ್ಕೆ. ಇನ್ನೊಂದ್ಸಲ ಪಟ್ಟಿ ಸುತ್ಕೊಡು, ಆಡ್ಬಿಡ್ತೀನಿ.”

“ಉಳುಕು ಅಂತ ಹೋದ ವಾರ ಸುತ್ತಿ ಕಳಿಸಿದ್ದೂ ನಾನೇ. ಆಡಿ ಬಂದೆ, ಕೀಲು ಹಿಡಿದಿಡೋ ಲಿಗಮೆಂಟ್ ಪೂರ್ತಿ ಹರೀತು.”

“ಆಪರೇಷನ್ ಆಮೇಲೆ ಮಾಡಿಸ್ಕೋತೀನಿ.”

“ತಡ ಆದ್ರೆ ಹೊಲಿಯೋದೇ ಕಷ್ಟ ಅಂತ ಮೊನ್ನೆನೇ ಅಂದ್ರಲ್ಲೇ ಡಾಕ್ಟ್ರು.”

“ಈ ಸಲ ತಪ್ಪಿದ್ರೆ ವಯಸ್ಸು ಮೀರತ್ತೆ. ನೀನೂ ಆಡ್ದೋಳು, ಗೊತ್ತಾಗಲ್ವಾ?”

“ಸರಿ, ಬಲಗೈಲಿ ಈ ನೀರಿನ ಬಾಟ್ಲಿ ಮುಚ್ಚಳ ತೆಗಿ. ತೆಗೆದ್ರೆ ಸುತ್ಕೊಡ್ತೀನಿ.”

ತಂಗಿ ತಿರುಗಿಸಿದಳು. ಹೆಬ್ಬೆರಳು ಪಕ್ಕಕ್ಕೆ ವಾಲಿತು, ಮುಚ್ಚಳ ಕದಲಲಿಲ್ಲ. ಮೆಲ್ಲಗೆ ಕೈ ಬದಲಿಸಿದಳು.

“ಎಡಗೈ ಬೇಡ, ಕಳ್ಳಿ.”

ನರ್ಸ್ ಬಂದು ಕರೆದರು.

“ಅಕ್ಕಾ, ನಾನು ಬರಲ್ಲ ಅಂತ ಕೋಚ್‌ಗೆ ನೀನೇ ಹೇಳ್ಬಿಡು. ನನ್ನ ಬಾಯಲ್ಲಿ ಬರಲ್ಲ.”

ಅಂದು ಗುರುವಾರ; ಆಯ್ಕೆಗೆ ಮೂರೇ ದಿನ ಉಳಿದಿತ್ತು. ತಂಗಿ ಒಳಗೆ ಹೋದಳು; ಅಕ್ಕ ಫೋನ್ ಹಿಡಿದು ಹೊರಗೆ ನಡೆದಳು.